ಹಿತ್ತಿಲ ಬಾಗಿಲಿಗೊಂದು ಚಿಲಕ

ಬೇರೆ ಊರುಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲು ಹಾಕಿ ಮುಂಬಾಗಿಲು ತೆರೆದಿಡುತ್ತಾರೆಂದು ಕೇಳಿದ್ದೇನೆ. ಲಕ್ಷ್ಮಿ ಮುಂದಿನಿಂದ ಬರಲಿ, ಹಿಂದಿನಿಂದ ಹೋಗದಿರಲಿ ಎಂದು. ನಮ್ಮೂರಲ್ಲಿ ಇದು ತಿರುವುಮುರುವು. ಹೊತ್ತು ಮುಳುಗಿ ದೀಪ ಹಚ್ಚಿದರೆ ಮುಂಬಾಗಿಲು ಮುಚ್ಚಿತು. ಬೆಳಗಾಗುವುದರೊಳಗೆ ಅದು ಮತ್ತೆ ತೆರೆದರೆ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಹೊಲಕ್ಕೆ ಹೋದವರು, ಸಂತೆಗೆ ಹೋದವರು, ಗಂಡ, ಮೈದುನ, ಬೀಗರು, ಎಲ್ಲರೂ ಹಿತ್ತಿಲಿನಿಂದಲೇ ಒಳಗೆ ಬರಬೇಕು. ಹಿತ್ತಿಲ ಬಾಗಿಲಿಗೆ ಚಿಲಕವಿಲ್ಲ, ಅಗಳಿಯಿಲ್ಲ. ಬೆರಳಿನಿಂದ ದೂಡಿದರೆ ತೆರೆಯುತ್ತದೆ. ಯಾಕೆಂದರೆ ನಮ್ಮೂರಲ್ಲಿ ಕೂಸುಗಳು ಬರುವುದೂ ಅದೇ ಬಾಗಿಲಿನಿಂದ.

ಬರುವ ಕೂಸು ಮೊದಲು ಬಾಗಿಲು ಬಡಿಯುತ್ತದೆ. ದೀಪ ಹಚ್ಚಿದ ಮೇಲೆ, ಊಟದ ತಾಟು ಎತ್ತುವುದರೊಳಗೆ. ಮೊಣಕಾಲಿನಷ್ಟು ಎತ್ತರದಲ್ಲಿ, ಹಸಿ ಹಿಟ್ಟಿನ ಮುದ್ದೆಯಿಂದ ತಟ್ಟಿದ ಹಾಗೆ ಮೆತ್ತಗೆ. ಹೆರಬೇಕಾದವಳಿಗೆ ಮಾತ್ರ ಅದು ಕೇಳಿಸುತ್ತದೆ. ಕೂಸಿಗೆ ಬಡಿಯುವಷ್ಟು ಶಕ್ತಿ ಇರುತ್ತದೆ, ದೂಡುವಷ್ಟು ಇರುವುದಿಲ್ಲ. ಯಾರಾದರೂ ಬಾಗಿಲು ತೆಗೆದರೆ ಅವರ ಕಾಲ ಸಂದಿಯಿಂದ ಒಳಗೆ ಬಂದುಬಿಡುತ್ತದೆ. ಅಡುಗೆಮನೆಯ ದೀಪ ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಲಿಗೆ ಆಯಿತು, ಇನ್ನು ತಿಂಗಳು ಎಣಿಸುವುದಷ್ಟೇ ಕೆಲಸ. ಆ ಸಪ್ಪಳ ನನಗೂ ಎರಡು ಸಲ ಕೇಳಿದೆ, ಎರಡು ಸಲವೂ ಓಡಿಹೋಗಿ ತೆಗೆದಿದ್ದೇನೆ. ನಾನು ಹೇಳಬೇಕೆಂದಿರುವುದು ಹಾಗೆ ಓಡಿಹೋಗಲಾರದೆ ಹೋದ ನಿಂಬೆವ್ವನ ಸುದ್ದಿ.

ನಾವು ಕಂಬಾರರು. ನನ್ನ ಗಂಡ ಕಾಳಪ್ಪ ಕುಲುಮೆಯ ಮುಂದೆ ಕೂತರೆ ತಿದಿ ಜಗ್ಗುವವಳು ನಾನು. ನಮ್ಮ ಹಿತ್ತಿಲಿಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ ಬರಮಪ್ಪನ ಹಿತ್ತಿಲು. ನಡುವಿನ ಗೋಡೆ ಯಾವುದೋ ಮಳೆಗಾಲದಲ್ಲಿ ಬಿದ್ದದ್ದು, ಅವರೂ ಕಟ್ಟಲಿಲ್ಲ, ನಾವೂ ಕಟ್ಟಲಿಲ್ಲ. ಆ ಸಂದಿನಿಂದ ಹೆಪ್ಪಿಗೆ ಮಜ್ಜಿಗೆ ಹೋಗುತ್ತಿತ್ತು, ಒಲೆಗೆ ಕೆಂಡ ಬರುತ್ತಿತ್ತು. ನಿಂಬೆವ್ವ ಬರಮಪ್ಪನ ಹೆಂಡತಿಯಾಗಿ ಬಂದಾಗ ಆಕೆಯ ನಗೆ ಮೊದಲು ಆ ಸಂದಿನಿಂದ ಬಂತು, ಆಮೇಲೆ ಆಕೆ ಬಂದಳು. ಎರಡು ಕೊಡ ತಲೆಯ ಮೇಲೆ, ಒಂದು ಕಂಕುಳಲ್ಲಿ ಇಟ್ಟುಕೊಂಡು ಮಾತಾಡುತ್ತ ನಿಲ್ಲುವ ಗಟ್ಟಿ ಹೆಣ್ಣು.

ಮೊದಲ ಕೂಸಿಗೆ ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತೆಗೆದಳು. ಎರಡನೆಯದಕ್ಕೂ ಹಾಗೆಯೇ. ಎರಡನೆಯದು ಎದೆ ಬಿಡುವ ಮೊದಲೇ ಮೂರನೆಯದು ಬಡಿಯತೊಡಗಿತು. ತೆಗೆಯಲೋ ಬೇಡವೋ ಎಂದು ಆಕೆ ನಿಂತಿರುವಾಗಲೇ ಬರಮಪ್ಪ ಗಿರಣಿ ಮುಗಿಸಿ ಬಂದ, ಬಾಗಿಲು ದೂಡಿದ, ದೀಪ ಬಾಗಿತು. ನಾಲ್ಕನೆಯದೂ ಅವನ ಕಾಲ ಹಿಂದೆಯೇ ಬಂತು. ಅಷ್ಟರಲ್ಲಿ ಆಕೆ ಒಂದೇ ಕೊಡ ಹೊರುತ್ತಿದ್ದಳು, ಅದನ್ನೂ ನಡುವೆ ಇಳಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಉಗುರುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಎಲ್ಲರಿಗೂ ಬಡಿಸಿ ಕಡೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ತಿನ್ನುವುದು. ಉಳಿಯದಿದ್ದರೆ ನೀರು ಕುಡಿಯುವುದು.

ನಾಲ್ಕನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಹಾಸಿದ ಕೌದಿ ತೊಯ್ದು, ಅದರ ಕೆಳಗಿನ ಚಾಪೆ ತೊಯ್ದು, ನೆಲಕ್ಕೆ ಬಂತು. ದವಾಖಾನೆಯ ನರ್ಸಬಾಯಿ ಹೇಗೋ ಉಳಿಸಿದಳು. ಹೋಗುವಾಗ ಹಿತ್ತಿಲ ಕಲ್ಲಿನ ಮೇಲೆ ಕೈ ತೊಳೆಯುತ್ತ ಬರಮಪ್ಪನಿಗೆ ಹೇಳಿದಳು: "ಇನ್ನೊಂದು ಬಂತಂದ್ರ ಈಕಿ ಉಳಿಯೂದಿಲ್ಲ. ನನ್ನ ಕೈಲಿ ಆಗೂದಿಲ್ಲ, ಯಾರ ಕೈಲೂ ಆಗೂದಿಲ್ಲ. ಬಾಗಲಾ ಕಾಯ್ರಿ." ನೀರು ಹಾಕುತ್ತಿದ್ದವಳು ನಾನು. ಬರಮಪ್ಪ ಚಿಕ್ಕ ಹುಡುಗನ ಹಾಗೆ ಅತ್ತ. ಕೆಟ್ಟವನಲ್ಲ ಅವನು. ಆದರೆ ಅತ್ತವರೆಲ್ಲ ಬಾಗಿಲು ಕಾಯುತ್ತಾರೆಂದಿಲ್ಲ.

ಆ ನಾಲ್ಕನೆಯ ಕೂಸು ಅಂಬೆಗಾಲಿಡತೊಡಗಿದ ದಿವಸಗಳಲ್ಲಿ ಒಂದು ಮುಂಜಾನೆ ನಿಂಬೆವ್ವ ಗೋಡೆಯ ಸಂದಿಗೆ ಬಂದು ನಿಂತಳು. ಕೆಂಡ ಕೇಳಲಿಲ್ಲ, ಮಜ್ಜಿಗೆ ಕೇಳಲಿಲ್ಲ.

"ಯಕ್ಕಾ, ಬಂದೈತಿ," ಅಂದಳು.

"ಯಾವಾಗಿಂದ?"

"ನಿನ್ನೆ ಸಂಜಿಂದ. ಭಾಳ ಮೆತ್ತಗ ಬಡೀತೈತಿ. ಸಿಟ್ಟು ಬರೂಹಂಗ ಬಡದ್ರ ಚಲೋ ಆಗ್ತಿತ್ತು."

ಅವತ್ತಿನಿಂದ ಆಕೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನದಿಂದಲೇ ಬಿಸಿಲು ಎಲ್ಲಿಗೆ ಬಂತೆಂದು ನೋಡುವಳು. ನೆರಳು ಬಾವಿಕಟ್ಟೆ ಮುಟ್ಟಿದರೆ ಕೈಯಲ್ಲಿದ್ದ ಕೆಲಸ ಕೈಯಲ್ಲೇ ಉಳಿಯುವುದು. ದೀಪ ಹಚ್ಚಿದೊಡನೆ ಹಿತ್ತಿಲ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಎರಡೂ ಪಾದ ಎದುರಿನ ಒರಳಿಗೆ ಒತ್ತಿ ಹಿಡಿಯುವಳು. ಬೆನ್ನಿಗೆ ಹಲಗೆ, ಹಲಗೆಯ ಆಚೆ ಅದು. ತಟ್ಟುವುದು, ನಿಲ್ಲುವುದು, ಮತ್ತೆ ತಟ್ಟುವುದು.

ಬಾಗಿಲು ಕಾದ ಹೆಂಗಸರು ನಮ್ಮೂರಲ್ಲಿ ಮೊದಲೂ ಇದ್ದರು. ಒಬ್ಬಳು ಜೋಳದ ಚೀಲ ಒಟ್ಟಿದಳು, ಇಲಿ ಚೀಲ ಕಡಿದು ಜೋಳ ಸುರಿದು ಬಾಗಿಲು ತಾನೇ ಸರಿಯಿತು. ಇನ್ನೊಬ್ಬಳು ಬಾಗಿಲಿಗೆ ಅಡ್ಡಲಾಗಿ ಎಮ್ಮೆ ಕಟ್ಟಿದಳು. ಎಮ್ಮೆ ಕೂಸನ್ನೇನೋ ಒಳಗೆ ಬಿಡಲಿಲ್ಲ, ಆದರೆ ಆ ವರ್ಷ ಅದೇ ಅವಳಿಜವಳಿ ಕರು ಹಾಕಿತು. ಊರೆಲ್ಲ ನಕ್ಕಿತು, ಆಕೆಯೂ ನಕ್ಕಳು, ಮುಂದಿನ ವರ್ಷ ಎಮ್ಮೆ ಮಾರಿದ ಮೇಲೆ ಹೆತ್ತಳು. ಬೆನ್ನು ಕೊಟ್ಟು ಕೂರುವುದೇ ಎಲ್ಲಕ್ಕಿಂತ ಗಟ್ಟಿ ಉಪಾಯ. ಆದರೆ ಬೆನ್ನು ಕೊಟ್ಟು ಕೂತವಳು ಒಲೆ ಮುಂದೆ ಕೂರುವುದು ಹೇಗೆ? ಗಂಡ ಬಂದರೆ ಎಲ್ಲಿಂದ ಬಿಟ್ಟುಕೊಳ್ಳುವುದು?

ನಿಂಬೆವ್ವನ ಅತ್ತೆ ದುಂಡವ್ವ ಇದನ್ನೇ ಹಿಡಿದು ಆಡುತ್ತಿದ್ದಳು. ಬೆನ್ನು ಬಾಗಿ ನೆಲ ನೋಡುವಂತಾದ ಮುದುಕಿ. ಆದರೆ ಬಾಯಿ ಮಾತ್ರ ನೆಟ್ಟಗಿತ್ತು. ಸಂಜೆಯಾದರೆ ಆಕೆಯ ಮಾತು ನಮ್ಮ ಹಿತ್ತಿಲಿಗೂ ಕೇಳುತ್ತಿತ್ತು.

"ರೊಟ್ಟಿ ಬಡಿಯೂದು ಬಿಟ್ಟು ಬಾಗಲಾ ಹಿಡಕೊಂಡು ಕುಂತಾಳ ನಮ್ಮ ಮಾರಾಣಿ. ನಮಗೇನು ಬಡೀಲಿಲ್ಲೇನು? ಬಡದ್ವು, ತಗದ್ವಿ, ಹಡದ್ವಿ."

"ನೀವು ಹಡದು ಉಳದೀರಿ ಅತ್ತಿ. ನಾ ಉಳಿಯೂದಿಲ್ಲಂತ ನರ್ಸಬಾಯಿ ಹೇಳ್ಯಾಳ."

"ಬಾಯಿ ಹೇಳ್ಯಾಳ! ಬಾಯಿ ಹಣೀಬಾರಾ ಬರದಾಳೇನು? ಬಂದ ಕೂಸಿನ್ನ ಹೊರಗ ನಿಲ್ಲಿಸಿದ್ರ ಅದು ಗಿಡದ ಬುಡಕ ಕುಂತು ಅಳತೈತಿ, ತಿಳೀತಿಲ್ಲೋ? ನೀ ಏಳದಿದ್ರ ನಾ ತಗೀತೀನಿ."

"ನನ್ನ ಎತ್ತಿ ಆಚಿಗಿಟ್ಟು ತಗೀರಿ."

ಮುದುಕಿಗೆ ಅದು ಸಾಧ್ಯವಿರಲಿಲ್ಲ. ಆದರೆ ನಿಂಬೆವ್ವ ನೀರು ಕುಡಿಯಲು ಎದ್ದರೂ ಹಿಂದೆ ತಿರುಗಿ ತಿರುಗಿ ನೋಡಬೇಕಾಯಿತು. ಅಳುವ ಕೂಸನ್ನು ಹಿರಿಯ ಮಗಳು ಎತ್ತಿಕೊಂಡು ಬಂದು ಆಕೆಯ ತೊಡೆಗೆ ಹಾಕುವಳು. ಒಂದು ಎದುರಿಗೆ ಹಾಲು ಕುಡಿಯುತ್ತಿತ್ತು, ಇನ್ನೊಂದು ಬೆನ್ನ ಹಿಂದೆ ಬಡಿಯುತ್ತಿತ್ತು. "ಅದರ ಮ್ಯಾಲೆ ನನಗ ಸಿಟ್ಟಿಲ್ಲ ಯಕ್ಕಾ," ಎಂದು ಒಮ್ಮೆ ಹೇಳಿದಳು. "ಅದಕ್ಕೇನು ಗೊತ್ತು. ಯಾವ ಮನಿಯಾಗ ಬೆಳಕು ಕಂಡ್ರ ಅಲ್ಲಿಗೆ ಬರತೈತಿ."

ಗಂಡನಿಗೆ ಆಕೆ ಒಂದು ದಾರಿ ಹೇಳಿದಳು. ಊಟದ ಹೊತ್ತು ದಾಟಿದ ಮೇಲೆ ಬಾ, ಅಷ್ಟೊತ್ತಿಗೆ ಬಡಿಯುವುದು ನಿಂತಿರುತ್ತದೆ ಎಂದು. ಬರಮಪ್ಪ ಒಪ್ಪಿದ. ಗಿರಣಿ ನಿಲ್ಲಿಸಿ, ಪಟ್ಟಾ ಬಿಚ್ಚಿ, ಕತ್ತಲಲ್ಲಿ ಹಿಟ್ಟಿನ ಡಬ್ಬಿಗಳ ನಡುವೆ ಒಬ್ಬನೇ ಕೂರುತ್ತಿದ್ದ. ಆದರೆ ನಮ್ಮೂರಲ್ಲಿ ದೀಪ ಹಚ್ಚಿದ ಮೇಲೆ ಮನೆಗೆ ಹೋಗದ ಗಂಡಸನ್ನು ಓಣಿಯಲ್ಲಿ ಬಿಟ್ಟಾರೆಯೇ? ಕಟ್ಟೆಯ ಮೇಲೆ ಕೂತವರು ಶುರು ಮಾಡಿದರು.

"ಏನೋ ಬರಮಾ, ಗಿರಣಿ ಕೀಲಿ ನಿನ್ನ ಕಡೆ, ಮನಿ ಕೀಲಿ ಹೆಂಡ್ತಿ ಕಡೆ ಅಂತಲ್ಲ!"

"ಗಿರಣ್ಯಾಗ ಮಲಗಾಕ ಹಾಸಿಗಿ ಕಳಸ್ಲೇನು?"

ಒಂದು ದಿವಸ ನಕ್ಕ, ಎರಡು ದಿವಸ ನಕ್ಕ. ಆಮೇಲೆ ನಗಲಿಲ್ಲ.

ಈ ನಡುವೆ ನಾನು ನನ್ನ ಗಂಡನನ್ನು ಕೇಳಿದ್ದೆ. ಒಂದು ಚಿಲಕ ಮಾಡಿಕೊಡು ಎಂದು. ಕಾಳಪ್ಪ ಇಕ್ಕಳ ಕೆಳಗಿಟ್ಟು ನನ್ನ ಮುಖ ನೋಡಿದ.

"ಹಿತ್ತಲ ಬಾಗಲಕ್ಕ? ನಮ್ಮಪ್ಪ ಮಾಡಿಲ್ಲ, ಅವರಪ್ಪ ಮಾಡಿಲ್ಲ. ಹಿತ್ತಲಕ್ಕ ಚಿಲಕಾ ಬಡದ ಕಂಬಾರನ ಕುಲಿಮಿ ಆರತೈತಿ ಅಂತಾರ."

"ಹಂಗ ಅಂದವರು ಹಡದು ನೋಡ್ಯಾರೇನು?"

ಅವನಿಗೆ ನಗು ಬಂತು. ನಗುತ್ತಲೇ, "ಗಂಡ ಬಂದು ಕೇಳಲಿ, ನೋಡೂಣು. ಒಬ್ಬರ ಮನಿ ಬಾಗಲಕ್ಕ ಮೊಳೀ ಹೊಡಿಯಾಂವ ನಾ ಯಾರು?" ಎಂದ. ಅಲ್ಲಿಗೆ ಮಾತು ನಿಂತಿತು. ಬಾವಿಕಟ್ಟೆಯಲ್ಲಿ ಈ ಸುದ್ದಿ ಹೇಗೋ ಗೊತ್ತಾಗಿ, ನಿಂಬೆವ್ವನ ಪಕ್ಕದ ಮನೆಯ ಹೊಳೆವ್ವ ನನ್ನ ಮೇಲೇ ಹರಿಹಾಯ್ದಳು. "ಅಕಿ ಬಾಗಲಾ ಗಟ್ಟಿ ಮಾಡಿದ್ರ ಅದು ಎಲ್ಲಿಗೆ ಹೋಗತೈತಿ? ಬಾಜೂ ಮನಿಗೆ. ಬಾಜೂ ಮನಿ ಯಾವುದು? ನಂದು! ನಂದರಾಗ ಈಗ ಒಂದ ಕೌದಿಯಾಗ ಮೂರು ಮಲಗ್ಯಾವ."

ಆ ಸಂಜೆ ನಾನು ಹಿತ್ತಿಲಲ್ಲಿ ಒಲೆಗೆಂದು ಒಣಗಿಸಿದ ಸೆಗಣಿಯ ಕುಳ್ಳು ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಆಗಷ್ಟೇ ದೀಪ ಹಚ್ಚಿದ್ದರು. ಬರಮಪ್ಪ ದಾಪುಗಾಲು ಹಾಕುತ್ತ ಬಂದ. ತಲೆ, ಮೀಸೆ, ಧೋತರ ಎಲ್ಲ ಹಿಟ್ಟಿನಿಂದ ಬೆಳ್ಳಗೆ. ಕಟ್ಟೆಯ ಮೇಲೆ ಯಾರೋ ಏನೋ ಅಂದಿರಬೇಕು, ಉಸಿರು ಬುಸುಗುಡುತ್ತಿತ್ತು. ಸೀದಾ ಹೋಗಿ ಬಾಗಿಲು ದೂಡಿದ. ಬಾಗಿಲು ಅಲುಗಲಿಲ್ಲ.

"ತಗಿ."

"ಇನ್ನೂ ಹೊತ್ತೈತಿ," ಒಳಗಿನಿಂದ ನಿಂಬೆವ್ವ. "ಹೊರಗ ನಿಂತೈತಿ ಅದು. ಈಗ ತಗದ್ರ ಬಂದುಬಿಡತೈತಿ."

"ಹೊರಗ ನಿಂತಾಂವ ನಾನು! ನನ್ನ ಮನಿ ಹೊರಗ ನಾನು!"

"ಸ್ವಲ್ಪ ತಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಊರ ಮಂದಿ ನಗಾಕತ್ತಾರ. ತಗೀತೀಯೋ ಇಲ್ಲೋ?"

ಹೆಗಲು ಕೊಟ್ಟು ದೂಡಿದ. ಒಳಗೆ ಒರಳು ನೆಲದ ಮೇಲೆ ಗರಗರ ಸರಿದ ಸಪ್ಪಳ ಕೇಳಿತು. "ಏಳ, ಗಂಡನ್ನ ಹೊರಗ ನಿಲ್ಲಸಾಕಿ, ಏಳ!" ಎಂದು ದುಂಡವ್ವ ಆಕೆಯ ರಟ್ಟೆ ಹಿಡಿದು ಜಗ್ಗುತ್ತಿದ್ದದ್ದು ಕೇಳಿತು. ಮಕ್ಕಳು ಅಳತೊಡಗಿದವು. ಬಾಗಿಲು ಒಂದು ಅಂಗೈಯಷ್ಟು ತೆರೆಯಿತು. ಒಳಗಿನ ದೀಪದ ಬೆಳಕು ಗೀಟಿನ ಹಾಗೆ ಬರಮಪ್ಪನ ಮೇಲೆ ಬಿತ್ತು.

ಆಗ ಅವನು ದೂಡುವುದನ್ನು ನಿಲ್ಲಿಸಿದ.

ತಲೆ ಬಗ್ಗಿಸಿ ತನ್ನ ಕಾಲ ಹತ್ತಿರ ನೋಡಿದ. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಆದರೂ ಅವನ ಧೋತರ ಮೊಣಕಾಲಿನ ಹತ್ತಿರ ಒಂದು ಬದಿಗೆ ಬಿಗಿಯಾಗಿ ಜಗ್ಗಿಕೊಂಡಿತ್ತು. ಸಂತೆಯಲ್ಲಿ ಕಳೆದುಹೋದೇನೆಂದು ಚಿಕ್ಕ ಮಕ್ಕಳು ಅಪ್ಪನ ಧೋತರ ಹಿಡಿಯುತ್ತಾರಲ್ಲ, ಹಾಗೆ. ಬರಮಪ್ಪನ ಕೈ ರೂಢಿಯಿಂದ ಕೆಳಗಿಳಿಯಿತು, ತಲೆ ಸವರಲು ಹೋದ ಹಾಗೆ. ನಡುವೆಯೇ ನಿಂತಿತು. ಮತ್ತೊಂದು ಕೈ ಬಾಗಿಲನ್ನು ಬಿಟ್ಟಿತು. ನಿಂಬೆವ್ವನ ಬೆನ್ನಿನ ಭಾರಕ್ಕೆ ಬಾಗಿಲು ಧಡ್ ಎಂದು ಮುಚ್ಚಿತು. ಬೆಳಕಿನ ಗೀಟು ಹೋಯಿತು.

ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಧೋತರವನ್ನು ಕೊಡವಲಿಲ್ಲ. ಮೊಣಕಾಲಿನ ಕಡೆ ಬಗ್ಗಿ ಏನೋ ಮಾತಾಡಿದ. ಬೇರೊಬ್ಬರ ಮಾತು ಕದ್ದು ಕೇಳಬಾರದೆಂದು ನಾನು ಬುಟ್ಟಿ ಎತ್ತಿಕೊಂಡು ತಿರುಗಿದೆ. ಆದರೂ ಒಂದು ಮಾತು ಕಿವಿಗೆ ಬಿತ್ತು.

"ನಮಗ ನಿಮ್ಮವ್ವ ಒಬ್ಬಾಕಿನ ಅದಾಳೋ ಕೂಸ."

ಮರುದಿನ ಮುಂಜಾನೆ ಕುಲುಮೆಗೆ ಬಂದ. ನಿನ್ನೆಯದೇ ಧೋತರ. ಕಾಳಪ್ಪ ಏನು ಎತ್ತ ಎಂದು ಕೇಳುವ ಮೊದಲೇ ಬರಮಪ್ಪ ಬಲಗಾಲು ಮುಂದಿಟ್ಟು ತೋರಿಸಿದ. ಬಟ್ಟೆಯ ಮೇಲೆ ಹಿಟ್ಟು ದಪ್ಪಗೆ ಕೂತಿತ್ತು. ಮೊಣಕಾಲಿನ ಹತ್ತಿರ ಮಾತ್ರ ಹಿಟ್ಟು ಹೋಗಿ ಐದು ಸಣ್ಣ ಬೆರಳು ಮೂಡಿದ್ದವು. ಹೆಸರುಕಾಳಿಗಿಂತ ದೊಡ್ಡವೇನಲ್ಲ. ಮುಷ್ಟಿ ಹಿಡಿದಲ್ಲಿ ಬಟ್ಟೆ ಇನ್ನೂ ಮುದುಡಿತ್ತು.

ಕಾಳಪ್ಪ ಬಗ್ಗಿ ನೋಡಿದ. ಮುಟ್ಟಲಿಲ್ಲ. ಎದ್ದು ಮೂಲೆಯಲ್ಲಿದ್ದ ಕಬ್ಬಿಣದ ತುಂಡುಗಳಲ್ಲಿ ಒಂದನ್ನು ಹುಡುಕಿ ತೆಗೆದ.

"ತಿದಿ ಜಗ್ಗ," ಎಂದ ನನಗೆ.

ಕಾದ ಕಬ್ಬಿಣ ಬಡಿಯುತ್ತಲೇ ಬರಮಪ್ಪನನ್ನು ಕೇಳಿದ: "ಇದನ್ನ ಹಾಕಿದ ಮ್ಯಾಲೆ ನೀ ಹೆಂಗ ಒಳಗ ಹೋಗ್ತೀ?"

"ಸಂಜಿಕ ನೋಡೂಣು," ಎಂದ ಬರಮಪ್ಪ.

ಮಧ್ಯಾಹ್ನದ ಹೊತ್ತಿಗೆ ಚಿಲಕ ಹಾಕಿ ಬಂದೆವು. ನಿಂಬೆವ್ವ ನಮಗೆ ಕುಡಿಯಲು ನೀರು ತರುವುದನ್ನೂ ಮರೆತು ಗೋಡೆಗೆ ಒರಗಿ ನೋಡುತ್ತಿದ್ದಳು. ದುಂಡವ್ವ ಮೊದಲು ಬೈದಳು, ಕಾಳಪ್ಪನ ಕುಲುಮೆಗೆ ಶಾಪ ಹಾಕಿದಳು, ಮಗನನ್ನು ಹೆಂಡತಿಯ ಸೆರಗು ಹಿಡಿದವನೆಂದಳು. ನಾವು ಹೊರಬಿದ್ದ ಮೇಲೆ ಸುಮ್ಮನಾದಳು. ಆಮೇಲೆ ನಮ್ಮ ಹಿತ್ತಿಲಿಗೆ ಒಂದು ಸಪ್ಪಳ ಕೇಳತೊಡಗಿತು. ಠಣ್. ಸ್ವಲ್ಪ ತಡೆದು ಮತ್ತೆ ಠಣ್. ಹೋಗಿ ಸಂದಿನಿಂದ ಇಣುಕಿದೆ. ತೆರೆದಿದ್ದ ಬಾಗಿಲ ಪಕ್ಕದಲ್ಲಿ ಮುದುಕಿ ಒಬ್ಬಳೇ ಕೂತು, ಬಾಗಿದ ಬೆನ್ನನ್ನು ಆದಷ್ಟು ನೀಡಿ, ಕೈ ಮೇಲೆ ಮಾಡಿ, ಚಿಲಕವನ್ನು ಎತ್ತುವುದು, ಬಿಡುವುದು ಮಾಡುತ್ತಿದ್ದಳು. ಸಂಜೆಯ ತನಕ ಆ ಸಪ್ಪಳ ನಿಲ್ಲಲಿಲ್ಲ. ಆಕೆಯ ಕಾಲದಲ್ಲಿ ಆ ಬಾಗಿಲಿಗೆ ಇದು ಇರಲಿಲ್ಲ.

ದೀಪ ಹಚ್ಚಿದರು. ಓಣಿಯ ಮುಂಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ನನಗೆ ಒಳಗೆ ನಿಲ್ಲಲಾಗದೆ ಮಾಳಿಗೆ ಹತ್ತಿ ನಿಂತೆ. ಬರಮಪ್ಪ ಗಿರಣಿಯಿಂದ ಬಂದ. ಹಿತ್ತಿಲ ಕಡೆ ತಿರುಗುವ ಸಂದಿ ಬಂತು, ತಿರುಗಲಿಲ್ಲ. ಓಣಿಯ ನಡುವೆ ಹಾಯ್ದು ತನ್ನ ಮುಂಬಾಗಿಲಿಗೆ ಹೋಗಿ ನಿಂತು, "ನಿಂಬೀ," ಎಂದು ಕರೆದ.

ಬಾಗಿಲು ತೆರೆಯಿತು. ಆ ಹೊತ್ತಿನಲ್ಲಿ ಮುಂಬಾಗಿಲು ಕಿರುಗುಟ್ಟಿದರೆ ನಮ್ಮೂರಲ್ಲಿ ಕಿವುಡರಿಗೂ ಕೇಳುತ್ತದೆ. ಜನ ಹಿತ್ತಿಲ ಬಾಗಿಲುಗಳಿಂದ ಹೊರಬಿದ್ದು, ಮನೆ ಸುತ್ತಿ, ಓಡಿ ಬಂದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಬಂದರು. ಕಟ್ಟೆಯ ಮೇಲೆ ಕೂತು ನಕ್ಕವರೂ ಬಂದರು. ಚಟ್ಟ ಕಟ್ಟುವ ಅಡಿವೆಪ್ಪಕಾಕಾ ಹೆಗಲ ಮೇಲೆ ಎರಡು ಬಿದಿರು ಹೊತ್ತೇ ಬಂದ. ಯಾರೋ ಮಕ್ಕಳ ತಲೆ ಎಣಿಸಿದರು. ನಾಲ್ಕೂ ಇದ್ದವು. ಎಲ್ಲರ ಕಣ್ಣೂ ದುಂಡವ್ವನನ್ನು ಹುಡುಕಿದವು. ಆಕೆ ಹೊಸ್ತಿಲಿಗೆ ಬಂದು ಬಾಗಿದ ಬೆನ್ನಿನಿಂದಲೇ ಮುಖ ಎತ್ತಿದಳು.

"ಯಾಕ, ನನ್ನ ಯಾಕ ನೋಡ್ತೀರಿ? ನಾ ಇನ್ನೂ ರೊಟ್ಟಿ ತಿನ್ನೂದೈತಿ. ಆ ಬಿದಿರು ಅತ್ಲಾಗ ಇಡೋ ಅಡಿವೆಪ್ಪಾ, ಮಕ್ಕಳು ಅಂಜತಾವ."

"ಹಂಗಾದ್ರ ಯಾರು ಹೋದ್ರೋ ಬರಮಾ?" ಅಡಿವೆಪ್ಪಕಾಕಾ ಬಿದಿರು ಇಳಿಸದೆ ಕೇಳಿದ.

ಬರಮಪ್ಪನ ಒಂದು ಕಾಲು ಹೊಸ್ತಿಲ ಒಳಗಿತ್ತು, ಒಂದು ಹೊರಗಿತ್ತು. ಮೈತುಂಬ ಹಿಟ್ಟು. ಇಡೀ ಓಣಿಯ ಎದುರು ಹಾಗೆ ನಿಂತು ರೂಢಿ ಇಲ್ಲದ ಮನುಷ್ಯ.

"ಯಾರೂ ಹೋಗಿಲ್ಲ ಕಾಕಾ. ಯಾರೂ ಹೋಗಬಾರದಂತ ಹಿಂಗ ಬಂದೀನಿ. ನಾಳೆಯೂ ಹಿಂಗ ಬರಾಂವ. ದಿನಾ ಓಡಿ ಬರಬ್ಯಾಡ್ರಿ, ದಣೀತೀರಿ."

ಎರಡನೆಯ ಕಾಲನ್ನೂ ಒಳಗೆ ತೆಗೆದುಕೊಂಡ. ಬಾಗಿಲು ಮುಚ್ಚಿತು.

ಜನ ಕೂಡಲೇ ಚದುರಲಿಲ್ಲ. ಕೆಲವರು ಅಪಶಕುನ ಅಂದರು, ಕೆಲವರು ಕಲಿಗಾಲ ಅಂದರು. ಅಡಿವೆಪ್ಪಕಾಕಾ ಬಿದಿರನ್ನು ಎಲ್ಲಿಡುವುದೆಂದು ತಿಳಿಯದೆ ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ನಾನು ಮಾಳಿಗೆಯಿಂದ ಇಳಿದು ಹಿತ್ತಿಲಿಗೆ ಬಂದರೆ ಕತ್ತಲಲ್ಲಿ ಹೊಳೆವ್ವ ನಿಂತಿದ್ದಳು. ನನ್ನ ಕಿವಿಯ ಹತ್ತಿರ ಬಂದಳು.

"ನಿಮ್ಮ ಕುಲಿಮ್ಯಾಗ ಅಂಥಾದ್ದ ಇನ್ನೊಂದು ತುಂಡು ಐತೇನ ಮೋನವ್ವಕ್ಕಾ?"

"ನಿನ್ನ ಗಂಡ ಬಂದು ಕೇಳಲಿ," ಎಂದೆ. "ಕಳಸ್ತೀನಿ," ಎಂದು ಸೆರಗು ಬಿಗಿದುಕೊಂಡು ಹೋದಳು.

ಆಗ ಗೋಡೆಯ ಸಂದಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಆ ಹೊತ್ತಿನಲ್ಲಿ ಆ ಮನೆಯಿಂದ ಆ ಸಪ್ಪಳ ಕೇಳಿ ಎಷ್ಟೋ ದಿವಸಗಳಾಗಿದ್ದವು. ಪಟ ಪಟ, ಪಟ ಪಟ. ಗಟ್ಟಿ ಕೈ. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದೆ. ನಡುವೆ ಒಮ್ಮೆ ಅದು ಥಟ್ಟನೆ ನಿಂತಿತು. ಹಿತ್ತಿಲಲ್ಲಿ ನಾನೊಬ್ಬಳೇ ಇದ್ದೆ, ನನಗೆ ಏನೂ ಕೇಳಿಸಲಿಲ್ಲ, ಕೇಳಿಸುವಂಥದ್ದೂ ಅಲ್ಲ. ಆದರೂ ಚಿಲಕ ಹಾಕಿದ ಆ ಬಾಗಿಲಿನ ಕೆಳಭಾಗವನ್ನೇ ನೋಡುತ್ತ ಉಸಿರು ಹಿಡಿದು ಕೂತೆ.

ಆಮೇಲೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.